ಮುಖದ ಬಾವೆಲ್ಲ ಹಲ್ಲಿನ ಕೀವಲ್ಲ

ದಂತರೋಗಿಗಳಲ್ಲಿ ಅಪರೂಪವಾಗಿ ಕಾಣುವ ಸಿಸ್ಟ್‌ಗಳು: ಗುರುತಿಸುವ ಬಗೆ ಮತ್ತು ಚಿಕಿತ್ಸೆಯ ಕ್ರಮ

ಬಾಯಿಯೊಳಗೆ ನೋವು ಬಂದರೆ ಅದು ಹಲ್ಲಿನದು, ಮುಖದ ಮೇಲೆ ಬಾವು ಬಂದರೆ ಅದೂ ಹಲ್ಲಿನದೇ ಎಂಬುದು ನಮ್ಮ ಭಾಗದ ಜನರ ರೂಢಿಯ ತಿಳಿವಳಿಕೆ. ಬಹುಮಟ್ಟಿಗೆ ಇದು ಸರಿಯೂ ಹೌದು. ಹುಳುಕು ಹಿಡಿದ ಹಲ್ಲಿನ ಬೇರಿನ ತುದಿಯಲ್ಲಿ ಕೀವು ತುಂಬಿ ಗಲ್ಲ ಊದಿಕೊಂಡವರನ್ನು ನಾವು ದಿನನಿತ್ಯ ನೋಡುತ್ತೇವೆ. ಆದರೆ ನೂರು ಸಲ ಸರಿಯಾದ ತಿಳಿವಳಿಕೆ ನೂರೊಂದನೆಯ ಸಲ ದಾರಿ ತಪ್ಪಿಸಬಹುದು. ಹಾಗೆ ದಾರಿ ತಪ್ಪಿದವರು ರೋಗಿಗಳು ಮಾತ್ರವಲ್ಲ, ವೈದ್ಯರಾದ ನಾವೂ ಹೌದು. ಶ್ರೀಮಠದ ಪತ್ರಿಕೆಯ ಆರೋಗ್ಯ ವಿಭಾಗಕ್ಕೆ ಲೇಖನವೊಂದನ್ನು ಬರೆಯಬೇಕೆಂದು ಪೂಜ್ಯರ ಅಪ್ಪಣೆಯಾದಾಗ, ನಮ್ಮ ತಪ್ಪಿನಿಂದಲೇ ಆರಂಭಿಸುವುದು ಯೋಗ್ಯವೆಂದು ನಮಗೆ ತೋರಿತು.

ಕೆಲವು ವರ್ಷಗಳ ಹಿಂದೆ ಶ್ರಾವಣ ಮಾಸದಲ್ಲಿ ಆಳಂದ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ದಂತ ತಪಾಸಣಾ ಶಿಬಿರ ನಡೆಸಿದ್ದೆವು. 40ರ ಆಸುಪಾಸಿನ ತಾಯಿಯೊಬ್ಬರು ಬಂದು ಕುಳಿತರು. ಮೂಗಿನ ಎಡ ಹೊಳ್ಳೆಯ ಪಕ್ಕದಲ್ಲಿ, ಮೇಲ್ದುಟಿಯ ಮೇಲುಗಡೆ ಅಡಕೆಯಷ್ಟು ದಪ್ಪದ ಬಾವು. ನೋವಿಲ್ಲ, ಜ್ವರವಿಲ್ಲ. "ಎರಡು ವರ್ಸ ಆಯ್ತ್ರಿ ಸಾಹೇಬ್ರ, ಒಮ್ಮೆ ದೊಡ್ಡದಾಗ್ತದ, ಒಮ್ಮೆ ಸಣ್ಣದಾಗ್ತದ. ಮೂಗುತಿ ಇಟ್ಕೊಂಡ್ರ ಸೊಟ್ಟ ಕಾಣ್ತದರಿ" ಎಂದರು. ಹೊರಗೆ ಸರದಿ ಉದ್ದವಾಗಿತ್ತು. ಬಾವಿನ ನೇರಕ್ಕಿದ್ದ ಮುಂದಿನ ಹಲ್ಲಿನ ಬಣ್ಣ ಕೊಂಚ ಮಾಸಿದಂತಿತ್ತು. ಇದು ಸತ್ತ ಹಲ್ಲು, ಬೇರಿನಲ್ಲಿ ಕೀವಾಗಿದೆ ಎಂದು ತೀರ್ಮಾನಿಸಿ, ರೂಟ್ ಕೆನಾಲ್ ಚಿಕಿತ್ಸೆಗೆ ಮುಂದಿನ ವಾರ ಬರಲು ಹೇಳಿದೆವು.

ಅವರು ಹೇಳಿದ ದಿನಕ್ಕೆ ಬಂದರು. ಸತ್ತ ಹಲ್ಲಿಗೆ ನೋವಿನ ಅರಿವು ಇರುವುದಿಲ್ಲವಾದ್ದರಿಂದ ಮರಗಟ್ಟಿಸುವ ಸೂಜಿಯನ್ನೂ ಕೊಡದೆ ಹಲ್ಲನ್ನು ಕೊರೆಯತೊಡಗಿದೆವು. ಕೊರೆಯುವ ಯಂತ್ರ ಒಳಪದರಕ್ಕೆ ತಾಗುತ್ತಲೇ ಆ ತಾಯಿ ನಮ್ಮ ಕೈಯನ್ನು ಬಲವಾಗಿ ಹಿಡಿದುಕೊಂಡರು. ರಂಧ್ರದಲ್ಲಿ ಕೆಂಪು ರಕ್ತ ಜಿನುಗಿತು. ಅದು ಸತ್ತ ಹಲ್ಲಾಗಿರಲಿಲ್ಲ. ಸಂಪೂರ್ಣ ಜೀವಂತವಾಗಿದ್ದ, ಯಾವ ದೋಷವೂ ಇಲ್ಲದ ಹಲ್ಲಾಗಿತ್ತು. ಒಂದು ಚೂರು ಮಂಜುಗಡ್ಡೆಯನ್ನು ಆ ಹಲ್ಲಿಗೆ ತಾಗಿಸಿ ಕೇಳಿದ್ದರೆ ಅರ್ಧ ನಿಮಿಷದಲ್ಲಿ ತಿಳಿಯಬಹುದಾಗಿದ್ದ ಸತ್ಯವನ್ನು ನಾವು ಅವರ ನೋವಿನಿಂದ ತಿಳಿದೆವು.

ಆ ಬಾವು ಹಲ್ಲಿಗೆ ಸಂಬಂಧಿಸಿದ್ದೇ ಅಲ್ಲ. ಮೂಗು ಮತ್ತು ತುಟಿಯ ನಡುವಿನ ಮೃದು ಭಾಗದಲ್ಲಿ ಬೆಳೆಯುವ, ವೈದ್ಯಕೀಯದಲ್ಲಿ ನೇಸೋಲೇಬಿಯಲ್ ಸಿಸ್ಟ್ ಎಂದು ಕರೆಯಲ್ಪಡುವ ಅಪರೂಪದ ಗಂಟು ಅದು. ಆ ದಿನದಿಂದ ಇಂತಹ ಬಾವುಗಳ ಬಗ್ಗೆ ನಮ್ಮ ಕಣ್ಣು ತೆರೆಯಿತು. ಅವುಗಳಲ್ಲಿ ಕೆಲವನ್ನು ಕುರಿತು ಸದ್ಭಕ್ತರಿಗೆ ತಿಳಿಸುವುದು ಈ ಲೇಖನದ ಉದ್ದೇಶ.

ಸಿಸ್ಟ್ ಎಂದರೇನು?

ದೇಹದೊಳಗೆ ಅಸಹಜವಾಗಿ ಉಂಟಾಗುವ ಚೀಲದಂತಹ ಪೊಳ್ಳಿಗೆ ಸಿಸ್ಟ್ ಎಂದು ಹೆಸರು. ಅದರೊಳಗೆ ನೀರಿನಂತಹ ದ್ರವ ಅಥವಾ ಗಟ್ಟಿ ಮೊಸರಿನಂತಹ ವಸ್ತು ತುಂಬಿರುತ್ತದೆ. ಸಾಮಾನ್ಯವಾಗಿ ಈ ಚೀಲಕ್ಕೆ ಒಳಗಡೆಯಿಂದ ತೆಳುವಾದ ಜೀವಕೋಶಗಳ ಅಸ್ತರಿ ಇರುತ್ತದೆ. ಕೀವು ಸೇರಿದ್ದರಿಂದಲೇ ಉಂಟಾದ ಪೊಳ್ಳು ಸಿಸ್ಟ್ ಅಲ್ಲ, ಅದು ಕೀವುಗಂಟು. ಸಿಸ್ಟ್‌ಗೆ ಸೋಂಕು ತಗುಲಿದಾಗ ಅದರಲ್ಲಿಯೂ ಕೀವಾಗಬಹುದು. ರೋಗಿಯನ್ನೂ ವೈದ್ಯನನ್ನೂ ಗೊಂದಲಕ್ಕೆ ಕೆಡಹುವುದು ಇದೇ. ಆಂಟಿಬಯಾಟಿಕ್ ಗುಳಿಗೆ ನುಂಗಿದೊಡನೆ ಸೋಂಕು ಇಳಿಯುತ್ತದೆ, ಬಾವು ಅರ್ಧಕ್ಕೆ ಬರುತ್ತದೆ, ಗುಣವಾಯಿತೆಂದು ಎಲ್ಲರೂ ನಂಬುತ್ತಾರೆ. ಆದರೆ ಚೀಲ ಒಳಗೇ ಇರುತ್ತದೆ. ಕೆಲವು ತಿಂಗಳಲ್ಲಿ ಮತ್ತೆ ತುಂಬಿಕೊಳ್ಳುತ್ತದೆ.

ಈ ಚೀಲಗಳು ಹುಟ್ಟುವುದಾದರೂ ಹೇಗೆ? ತೊಗರಿಯ ರಾಶಿ ಮಾಡಿ ಮನೆಗೆ ತಂದ ಮೇಲೆಯೂ ಹೊಲದಲ್ಲಿ ನಾಲ್ಕು ಕಾಳು ಉದುರಿ ಉಳಿದಿರುತ್ತವೆ. ಮುಂದಿನ ಮಳೆಗೆ ಅವು ಯಾರೂ ಬಿತ್ತದೆಯೇ ಮೊಳೆಯುತ್ತವೆ. ನಮ್ಮ ಮುಖದ ಕಥೆಯೂ ಹಾಗೆಯೇ. ತಾಯಿಯ ಗರ್ಭದಲ್ಲಿ ಸುಮಾರು 4ನೆಯ ವಾರದಿಂದ 8ನೆಯ ವಾರದೊಳಗೆ ಶಿಶುವಿನ ಮುಖ ಬೇರೆ ಬೇರೆ ಉಬ್ಬುಗಳಾಗಿ ಹುಟ್ಟಿ, ಒಂದನ್ನೊಂದು ಕೂಡಿಕೊಂಡು ಮೂಗು, ತುಟಿ, ಗಲ್ಲಗಳಾಗುತ್ತದೆ. ಆಮೇಲೆ ದವಡೆಯೊಳಗೆ ಹಲ್ಲುಗಳು ರೂಪುಗೊಳ್ಳುತ್ತವೆ. ಈ ಕೆಲಸ ಮುಗಿದ ಬಳಿಕ ಕೆಲವು ಕೋಶಗಳು ಅಲ್ಲಲ್ಲಿ ಉಳಿದುಬಿಡುತ್ತವೆ. ಬಹುಪಾಲು ಜನರಲ್ಲಿ ಅವು ಜೀವನಪರ್ಯಂತ ನಿದ್ರಿಸುತ್ತವೆ. ಯಾರಲ್ಲಾದರೂ ಎಚ್ಚೆತ್ತು ಬೆಳೆದರೆ ಸಿಸ್ಟ್ ಆಗುತ್ತದೆ.

ದವಡೆಯ ಸಿಸ್ಟ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಹುಳುಕಿನಿಂದ ಸತ್ತ ಹಲ್ಲಿನ ಬೇರಿನ ತುದಿಯಲ್ಲಿ ಆಗುವಂಥವು. ಎರಡನೆಯ ಸ್ಥಾನ, ಎಲುಬಿನೊಳಗೇ ಹುದುಗಿ ಹೊರಬಾರದ ಹಲ್ಲಿನ ತಲೆಯ ಸುತ್ತ ಬೆಳೆಯುವ ಸಿಸ್ಟ್‌ಗೆ. ಇವೆರಡೂ ದಂತವೈದ್ಯರಿಗೆ ಪರಿಚಿತವಾದವು. ನಾವಿಲ್ಲಿ ಹೇಳಹೊರಟಿರುವುದು ಇವುಗಳ ವೇಷದಲ್ಲಿ ಬರುವ ಅಪರೂಪದವುಗಳನ್ನು ಕುರಿತು.

ಮೂಗುತಿ ಸೊಟ್ಟಾಗಿಸಿದ ಗಂಟು

ನೇಸೋಲೇಬಿಯಲ್ ಸಿಸ್ಟನ್ನು 1882ರಷ್ಟು ಹಿಂದೆಯೇ ಜುಕರ್‌ಕಾಂಡ್ಲ್ ಎಂಬ ಅಂಗರಚನಾ ಶಾಸ್ತ್ರಜ್ಞರು ವಿವರಿಸಿದ್ದಾರೆ. ಇದು ಪುರುಷರಿಗಿಂತ ಸ್ತ್ರೀಯರಲ್ಲಿ ಸುಮಾರು ಮೂರು ಪಟ್ಟು ಹೆಚ್ಚು. 30ರಿಂದ 50 ವರ್ಷದೊಳಗಿನವರಲ್ಲಿ ಕಾಣುವುದೇ ಬಹಳ. ಮೂಗಿನ ಪಕ್ಕದಿಂದ ಬಾಯಿಯ ಮೂಲೆಗೆ ಇಳಿಯುವ ಗೆರೆ ಮಾಯವಾಗುವುದು, ಹೊಳ್ಳೆ ಮೇಲಕ್ಕೆತ್ತಿದಂತಾಗುವುದು, ಆ ಬದಿಯ ಮೂಗು ಕಟ್ಟಿದಂತಾಗುವುದು ಇದರ ಗುರುತುಗಳು. ಒಂದು ಬೆರಳನ್ನು ಮೂಗಿನ ಹೊಳ್ಳೆಯೊಳಗೆ, ಇನ್ನೊಂದನ್ನು ಮೇಲ್ದುಟಿಯ ಒಳಗಡೆ ಇಟ್ಟು ಒತ್ತಿದರೆ ನೀರು ತುಂಬಿದ ಚೀಲ ಎರಡು ಬೆರಳುಗಳ ನಡುವೆ ಓಲಾಡುವುದು ತಿಳಿಯುತ್ತದೆ.

ಇದು ಎಲುಬಿನ ಹೊರಗಡೆಯ ಮಾಂಸಲ ಭಾಗದಲ್ಲಿ ಇರುವುದರಿಂದ ಹಲ್ಲಿನ ಎಕ್ಸ್‌ರೇಯಲ್ಲಿ ಬಹುತೇಕ ಏನೂ ಕಾಣುವುದಿಲ್ಲ. ಬಾವು ಕಣ್ಣಿಗೆ ಕಾಣುತ್ತಿದೆ, ಎಕ್ಸ್‌ರೇ ಸ್ವಚ್ಛವಾಗಿದೆ, ಹಲ್ಲುಗಳು ಜೀವಂತವಾಗಿವೆ. ಈ ಮೂರೂ ಒಟ್ಟಿಗೆ ಕೂಡಿದಾಗ ವೈದ್ಯರು ಹಲ್ಲನ್ನು ಬಿಟ್ಟು ಬೇರೆ ಕಡೆ ನೋಡಬೇಕು. ಸಿಟಿ ಸ್ಕ್ಯಾನ್ ಮಾಡಿಸಿದರೆ ಗಂಟಿನ ಸ್ವರೂಪ ಸ್ಪಷ್ಟವಾಗುತ್ತದೆ.

ಚಿಕಿತ್ಸೆ ಸರಳ. ಮೇಲ್ದುಟಿಯ ಒಳಗಡೆಯಿಂದ ಸಣ್ಣ ಗಾಯ ಮಾಡಿ ಚೀಲವನ್ನು ಇಡಿಯಾಗಿ ಬಿಡಿಸಿ ತೆಗೆಯುತ್ತಾರೆ. ಮುಖದ ಮೇಲೆ ಕಲೆ ಉಳಿಯುವುದಿಲ್ಲ. ಮೂಗಿನ ಒಳಗಿನಿಂದ ದುರ್ಬೀನಿನ ಸಹಾಯದಿಂದ ಚೀಲದ ಬಾಯಿ ತೆರೆಯುವ ಕ್ರಮವೂ ಇದೆ. ಪೂರ್ಣವಾಗಿ ತೆಗೆದ ಮೇಲೆ ಮರಳಿ ಬರುವುದು ತೀರ ವಿರಳ. ಆಳಂದದ ಆ ತಾಯಿಗೂ ಶಸ್ತ್ರಚಿಕಿತ್ಸೆಯಾಯಿತು. ಮೂರು ತಿಂಗಳ ಬಳಿಕ ಬಂದಾಗ ಮೂಗುತಿ ನೇರವಾಗಿತ್ತು. ಆದರೆ ನಾವು ತೆರೆದ ಹಲ್ಲನ್ನು ಮತ್ತೆ ಜೀವಂತಗೊಳಿಸಲು ನಮ್ಮಿಂದ ಆಗಲಿಲ್ಲ. ಅದಕ್ಕೆ ರೂಟ್ ಕೆನಾಲ್ ಪೂರ್ಣಗೊಳಿಸಿ, ನಮ್ಮ ಖರ್ಚಿನಲ್ಲಿಯೇ ಕವಚ ಹಾಕಿದೆವು. ಅವರು ಒಂದು ಕಟುನುಡಿಯನ್ನೂ ಆಡಲಿಲ್ಲ. ಆಡಿದ್ದರೆ ನಮಗೆ ಹಗುರವಾಗುತ್ತಿತ್ತೇನೋ.

ಇದೇ ರೀತಿ ತಪ್ಪು ತಿಳಿವಳಿಕೆಗೆ ಎಡೆಗೊಡುವ ಇನ್ನೊಂದು ಸಿಸ್ಟ್ ಅಂಗುಳದ ಮುಂಭಾಗದಲ್ಲಿ, ನಡುವಿನ ಎರಡು ಬಾಚಿಹಲ್ಲುಗಳ ಹಿಂದೆ ಆಗುತ್ತದೆ. ಅಲ್ಲಿ ನರ ಮತ್ತು ರಕ್ತನಾಳಗಳು ಹಾಯುವ ಒಂದು ಸಹಜ ರಂಧ್ರವಿದೆ. ಅದರೊಳಗೆ ಉಳಿದ ಕೋಶಗಳಿಂದ ಸಿಸ್ಟ್ ಬೆಳೆದಾಗ ಎಕ್ಸ್‌ರೇಯಲ್ಲಿ ಹೃದಯದಾಕಾರದ ಕಪ್ಪು ನೆರಳು ಕಾಣುತ್ತದೆ. ಕೆಲವರಿಗೆ ಬಾಯಿಯಲ್ಲಿ ಉಪ್ಪುಪ್ಪಾದ ರುಚಿ ಬರುತ್ತದೆ. ಹಲ್ಲಿನ ಬೇರುಗಳ ಮೇಲೆಯೇ ನೆರಳು ಬಿದ್ದಂತೆ ತೋರುವುದರಿಂದ ಎರಡೂ ಒಳ್ಳೆಯ ಹಲ್ಲುಗಳಿಗೆ ಕೈ ಹಾಕುವ ಅಪಾಯವಿದೆ. ಇಲ್ಲಿಯೂ ನಿರ್ಣಯ ಹೇಳುವುದು ಹಲ್ಲಿನ ಜೀವಂತಿಕೆಯ ಪರೀಕ್ಷೆಯೇ.

ಸದ್ದಿಲ್ಲದೆ ದವಡೆ ತಿನ್ನುವ ಚೀಲ

ಅಫಜಲಪುರ ತಾಲ್ಲೂಕಿನ ಭೀಮಾ ತೀರದ ಹಳ್ಳಿಯೊಂದರಿಂದ 19 ವರ್ಷದ ಯುವಕ ತಾಯಿಯೊಂದಿಗೆ ಬಂದಿದ್ದ. ಕಬ್ಬು ಕಡಿಯುವ ಕೆಲಸ. ಕೆಳದವಡೆಯ ಬಲಬದಿಯ ಬುದ್ಧಿಹಲ್ಲಿನ ಹತ್ತಿರ ಬಾಯಿಗೆ ಕೆಟ್ಟ ರುಚಿಯ ದ್ರವ ಬರುತ್ತಿತ್ತು. ಹೊರಗಡೆ ಬಾವು ಅಷ್ಟಾಗಿ ಇರಲಿಲ್ಲ. ಬುದ್ಧಿಹಲ್ಲು ಕೀಳಿಸಿದರೆ ಸರಿಹೋಗುತ್ತದೆಂದು ಊರಿನಲ್ಲಿ ಹೇಳಿದ್ದರು. ಕೀಳುವ ಮೊದಲು ಎರಡೂ ದವಡೆಗಳು ಒಂದೇ ಚಿತ್ರದಲ್ಲಿ ಕಾಣುವ ಓಪಿಜಿ ಎಕ್ಸ್‌ರೇ ಮಾಡಿಸಿದೆವು. ಬುದ್ಧಿಹಲ್ಲಿನಿಂದ ಕಿವಿಯ ಬುಡದ ಹತ್ತಿರದವರೆಗೆ ದವಡೆಯ ಎಲುಬು ಒಳಗೊಳಗೇ ಟೊಳ್ಳಾಗಿತ್ತು. ಹೊರಗಿನ ಗೋಡೆ ಹಪ್ಪಳದಷ್ಟು ತೆಳುವಾಗಿ ಉಳಿದಿತ್ತು. ಆ ಸ್ಥಿತಿಯಲ್ಲಿ ಬಲ ಹಾಕಿ ಹಲ್ಲು ಕಿತ್ತಿದ್ದರೆ ಅವನ ದವಡೆಯೇ ಮುರಿಯುವ ಸಂಭವವಿತ್ತು.

ಸೂಜಿಯಿಂದ ಎಳೆದಾಗ ತಿಳಿಹಳದಿ ನೀರು ಬರಲಿಲ್ಲ. ಕೆನೆಮೊಸರಿನಂತಹ ಬಿಳಿಯ ವಸ್ತು ಬಂತು. ಚಿಕ್ಕ ತುಣುಕನ್ನು ತೆಗೆದು ಬಯಾಪ್ಸಿಗೆ ಕಳುಹಿಸಿದಾಗ ಒಡಾಂಟೋಜೆನಿಕ್ ಕೆರಟೋಸಿಸ್ಟ್ ಎಂಬ ವರದಿ ಬಂತು. 1956ರಲ್ಲಿ ಫಿಲಿಪ್ಸೆನ್ ಎಂಬವರು ಈ ಹೆಸರನ್ನಿಟ್ಟರು. ಇದರ ಸ್ವಭಾವ ಎಷ್ಟು ಹಟಮಾರಿಯೆಂದರೆ ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಇದನ್ನು ಸಿಸ್ಟ್‌ಗಳ ಪಟ್ಟಿಯಿಂದ ತೆಗೆದು ಗೆಡ್ಡೆಗಳ ಪಟ್ಟಿಗೆ ಸೇರಿಸಿತ್ತು. 2017ರಲ್ಲಿ ಮರಳಿ ಸಿಸ್ಟ್ ಎಂದೇ ಪರಿಗಣಿಸಿತು. ಉಳಿದ ಸಿಸ್ಟ್‌ಗಳು ನೀರು ತುಂಬಿ ದುಂಡಗೆ ಉಬ್ಬಿದರೆ, ಇದು ದವಡೆಯ ಎಲುಬಿನ ಮಜ್ಜೆಯಲ್ಲಿ ಹಿಂದೆ ಮುಂದೆ ಉದ್ದಕ್ಕೆ ಹರಿಯುತ್ತದೆ. ಆದ್ದರಿಂದ ಮುಖದ ಮೇಲೆ ತಡವಾಗಿ ಕಾಣಿಸುತ್ತದೆ. ಇದರ ಅಸ್ತರಿ ತೆಳು; ತೆಗೆಯುವಾಗ ಹರಿದು ಒಂದು ಚೂರು ಉಳಿದರೂ, ಪಕ್ಕದಲ್ಲಿ ಅಡಗಿದ ಮರಿಚೀಲಗಳು ಉಳಿದರೂ ಮತ್ತೆ ಬೆಳೆಯುತ್ತದೆ. ಚೀಲವನ್ನು ಸುಲಿದು ತೆಗೆಯುವುದಷ್ಟೇ ಮಾಡಿದಾಗ ಸುಮಾರು ಕಾಲು ಭಾಗದಷ್ಟು ಜನರಲ್ಲಿ ಇದು ಮರುಕಳಿಸುತ್ತದೆಂದು ವೈದ್ಯಲೋಕದ ಅನುಭವ.

ಹೀಗೆ ದೊಡ್ಡದಾದ ಚೀಲವನ್ನು ಒಮ್ಮೆಲೇ ತೆಗೆಯಲು ಹೋದರೆ ಎಲುಬು ಮುರಿಯಬಹುದು, ಕೆಳದುಟಿಗೆ ಸ್ಪರ್ಶಜ್ಞಾನ ಕೊಡುವ ನರಕ್ಕೆ ಪೆಟ್ಟಾಗಬಹುದು. ಇದಕ್ಕೆ ಹಳೆಯದೊಂದು ಉಪಾಯವಿದೆ. ಎಕ್ಸ್‌ರೇ ಕಂಡುಹಿಡಿಯುವುದಕ್ಕೂ 3 ವರ್ಷ ಮೊದಲು, 1892ರಲ್ಲಿ, ಜರ್ಮನಿಯ ಶಸ್ತ್ರವೈದ್ಯ ಕಾರ್ಲ್ ಪಾರ್ಟ್ಷ್ ಇದನ್ನು ವಿವರಿಸಿದರು. ಚೀಲಕ್ಕೆ ಬಾಯಿಯೊಳಗಿನಿಂದ ಒಂದು ಕಿಂಡಿ ತೆರೆದಿಡುವುದೇ ಆ ಉಪಾಯ. ಒಳಗಿನ ಒತ್ತಡ ಇಳಿದರೆ ಚೀಲ ತಾನೇ ಕುಗ್ಗುತ್ತದೆ, ಸುತ್ತಲಿನ ಎಲುಬು ಮತ್ತೆ ತುಂಬಿಕೊಳ್ಳುತ್ತದೆ. ಇಂದು ಆ ಕಿಂಡಿಯಲ್ಲಿ ಸಣ್ಣ ನಳಿಕೆಯನ್ನು ಕೂಡಿಸುತ್ತಾರೆ. ದಿನಕ್ಕೆ ಎರಡು ಸಲ ಉಪ್ಪುನೀರಿನಿಂದ ಸಿರಿಂಜಿನ ಮೂಲಕ ಒಳಗೆ ತೊಳೆಯಬೇಕು. ತಿಂಗಳುಗಟ್ಟಲೆ, ಒಂದು ದಿನವೂ ತಪ್ಪದಂತೆ.

ಆ ಯುವಕನಿಗೆ ನಾವು ಇದನ್ನು ಹೇಳಿಕೊಟ್ಟಾಗ ಅವನ ಮುಖ ಸಪ್ಪಗಾಯಿತು. ಕಬ್ಬಿನ ಹಂಗಾಮು ಆರಂಭವಾಗುವುದರಲ್ಲಿತ್ತು, ಮುಂಗಡ ಹಣವನ್ನೂ ತೆಗೆದುಕೊಂಡಿದ್ದ. ಮಾತಾಡಿದವರು ಅವನ ತಾಯಿ. "ನಾನೂ ಅವನ ಸಂಗಾಟ ಗ್ಯಾಂಗಿಗೆ ಹೋಗ್ತೀನ್ರಿ. ನೀರು ಕಾಸಿ ಆರಿಸಿ ನಾನೇ ತೊಳಿತೀನಿ. ಹ್ಯಾಂಗ ತೊಳಿಬೇಕು ಒಮ್ಮೆ ತೋರಿಸ್ರಿ." ಓದುಬರಹ ಬಾರದ ಆ ತಾಯಿ ಒಂದೇ ಸಲ ನೋಡಿ ಕಲಿತರು. ಹಂಗಾಮಿನ ಗುಡಿಸಲಿನಲ್ಲಿ ಬೆಳಿಗ್ಗೆ, ರಾತ್ರಿ ಆ ಕೆಲಸವನ್ನು ನಡೆಸಿದರು. 9 ತಿಂಗಳ ಬಳಿಕ ತೆಗೆದ ಎಕ್ಸ್‌ರೇಯಲ್ಲಿ ಟೊಳ್ಳು ಅರ್ಧಕ್ಕಿಂತ ಕಡಿಮೆಯಾಗಿತ್ತು. ನರ ಚೀಲದಿಂದ ದೂರ ಸರಿದಿತ್ತು. ಆಗ ಉಳಿದ ಚೀಲವನ್ನೂ ಬುದ್ಧಿಹಲ್ಲನ್ನೂ ತೆಗೆದು, ಗೋಡೆಯಲ್ಲಿ ಉಳಿದಿರಬಹುದಾದ ಕೋಶಗಳನ್ನು ನಾಶಪಡಿಸುವ ಔಷಧವನ್ನು ಸವರಲಾಯಿತು. ದವಡೆ ಉಳಿಯಿತು, ತುಟಿಯ ಸ್ಪರ್ಶವೂ ಉಳಿಯಿತು. ಶಸ್ತ್ರಚಿಕಿತ್ಸಕರ ಕೈಚಳಕಕ್ಕಿಂತ ಆ ತಾಯಿಯ ನಿಷ್ಠೆ ಇಲ್ಲಿ ದೊಡ್ಡದು ಎಂಬುದು ನಮ್ಮ ಭಾವನೆ.

ಆದರೂ ಕೆಲಸ ಮುಗಿದಿಲ್ಲ. ಮರುಕಳಿಕೆ ಹೆಚ್ಚಾಗಿ ಮೊದಲ 5 ವರ್ಷಗಳಲ್ಲಿ ಆಗುತ್ತದೆ. 10 ವರ್ಷ ಕಳೆದ ಮೇಲೂ ಆದದ್ದುಂಟು. ಆದ್ದರಿಂದ ಪ್ರತಿವರ್ಷ ಎಕ್ಸ್‌ರೇ ಮಾಡಿಸುವುದು ಅವಶ್ಯ. ಚಿಕ್ಕ ವಯಸ್ಸಿನವರಲ್ಲಿ ಇಂತಹ ಚೀಲಗಳು ಒಂದಕ್ಕಿಂತ ಹೆಚ್ಚು ಇದ್ದರೆ, ಅಂಗೈಯಲ್ಲಿ ಸಣ್ಣ ಸಣ್ಣ ಕುಳಿಗಳಿದ್ದರೆ, ಪಕ್ಕೆಲುಬಿನಲ್ಲಿ ಕವಲು ಕಂಡರೆ ಅದು ವಂಶವಾಹಿಯ ದೋಷದಿಂದ ಬರುವ ಗಾರ್ಲಿನ್ ಗೋಲ್ಟ್ಜ್ ಸಿಂಡ್ರೋಮ್ ಇರಬಹುದು. ಆಗ ಮನೆಯ ಇತರರನ್ನೂ ಪರೀಕ್ಷಿಸಬೇಕಾಗುತ್ತದೆ.

ನಾಲಿಗೆಯ ಕೆಳಗಿನ ಗಂಟು, ಗಂಟಲಲ್ಲಿ ಉಳಿದ ಮಾತು

ಜೇವರ್ಗಿ ತಾಲ್ಲೂಕಿನ ಒಂದು ಶಾಲೆಯಲ್ಲಿ ಮಕ್ಕಳ ಹಲ್ಲು ಪರೀಕ್ಷಿಸುವಾಗ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಬಾಯಿ ತೆರೆಯಲು ಸಂಕೋಚಪಟ್ಟಳು. ಅವಳ ಮಾತು ಬಾಯಿತುಂಬ ಅನ್ನವಿಟ್ಟುಕೊಂಡು ಆಡಿದಂತೆ ಕೇಳಿಸುತ್ತಿತ್ತು. ಹಿಂದೆ ತರಗತಿಯಲ್ಲಿ ಪದ್ಯ ಓದುವುದರಲ್ಲಿ ಮುಂದಿದ್ದವಳು ಒಂದು ವರ್ಷದಿಂದ ಓದುವುದನ್ನೇ ಬಿಟ್ಟಿದ್ದಾಳೆಂದು ಗುರುಮಾತೆಯರು ಹೇಳಿದರು. ಹಟಮಾರಿತನವೆಂದು ಮನೆಯವರು ಬೈದದ್ದೂ ಆಗಿತ್ತು. ನಾಲಿಗೆಯನ್ನು ಮೇಲೆತ್ತಿಸಿ ನೋಡಿದರೆ ಅದರ ಕೆಳಗೆ ನಟ್ಟನಡುವೆ ನಿಂಬೆಹಣ್ಣಿನಷ್ಟು ಗಂಟು. ಮುಟ್ಟಿದರೆ ನಾದಿದ ಹಿಟ್ಟಿನಂತೆ ಮೆತ್ತಗೆ. ಒತ್ತಿದ ಬೆರಳಿನ ಗುರುತು ಕ್ಷಣಕಾಲ ಉಳಿಯುವಂತಿತ್ತು.

ಇದು ಡರ್ಮಾಯ್ಡ್ ಜಾತಿಯ ಸಿಸ್ಟ್. ಗರ್ಭದಲ್ಲಿ ಎರಡು ಬದಿಗಳು ನಡುಗೆರೆಯಲ್ಲಿ ಕೂಡುವಾಗ ಚರ್ಮದ ಕೋಶಗಳು ಒಳಗೆ ಸಿಕ್ಕಿಕೊಂಡು, ವರ್ಷಗಳ ನಂತರ ಬೆಳೆಯುತ್ತವೆ. ಹುಟ್ಟಿನಿಂದಲೇ ಬೀಜವಿದ್ದರೂ ಸಾಮಾನ್ಯವಾಗಿ ಹರೆಯದಲ್ಲಿ ಕಾಣಿಸಿಕೊಳ್ಳುತ್ತದೆ. ಬಾಯಿಯ ತಳದ ಸ್ನಾಯುವಿನ ಮೇಲೆ ಬೆಳೆದರೆ ನಾಲಿಗೆಯನ್ನು ಎತ್ತುತ್ತದೆ. ಕೆಳಗೆ ಬೆಳೆದರೆ ಗದ್ದದಡಿ ಇನ್ನೊಂದು ಗದ್ದವಿದ್ದಂತೆ ಜೋತುಬೀಳುತ್ತದೆ. ಇದೇ ಜಾಗದಲ್ಲಿ ಜೊಲ್ಲುಗ್ರಂಥಿಯ ದ್ರವ ಸೋರಿ ಆಗುವ ಇನ್ನೊಂದು ಬಾವು ಉಂಟು. ಅದು ನೀಲಿಛಾಯೆಯದು, ತೆಳುಪದರದ್ದು, ಸಾಮಾನ್ಯವಾಗಿ ಒಂದು ಪಕ್ಕಕ್ಕೆ ಇರುತ್ತದೆ. ಎರಡರ ಚಿಕಿತ್ಸೆಯೂ ಬೇರೆಯಾದ್ದರಿಂದ ಅಲ್ಟ್ರಾಸೌಂಡ್ ಅಥವಾ ಎಂ.ಆರ್.ಐ. ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳುವುದು ಒಳ್ಳೆಯದು.

ಈ ಗಂಟನ್ನು ಚುಚ್ಚಿ ಹರಿಸಲು ಬರುವುದಿಲ್ಲ, ಇಡಿಯಾಗಿಯೇ ತೆಗೆಯಬೇಕು. ನಾಲಿಗೆ ಮೇಲೆದ್ದು ಉಸಿರಿನ ದಾರಿ ಇಕ್ಕಟ್ಟಾಗಿರುವುದರಿಂದ ಅರಿವಳಿಕೆ ಕೊಡುವುದೂ ಜಾಗರೂಕತೆಯ ಕೆಲಸ. ಆದಕಾರಣ ಅನುಭವೀ ಅರಿವಳಿಕೆ ತಜ್ಞರಿರುವ ದೊಡ್ಡ ಆಸ್ಪತ್ರೆಯಲ್ಲಿಯೇ ಇದನ್ನು ಮಾಡಿಸಬೇಕು. ಆ ಹುಡುಗಿಗೆ ಬಾಯಿಯೊಳಗಿನಿಂದಲೇ ಶಸ್ತ್ರಚಿಕಿತ್ಸೆಯಾಯಿತು. ಮರುವರ್ಷ ಅದೇ ಶಾಲೆಗೆ ನಾವು ಹೋದಾಗ ಪ್ರಾರ್ಥನೆಯನ್ನು ಹೇಳಿಕೊಟ್ಟವಳು ಅವಳೇ. ಮಗುವಿನ ಮಾತು ಬದಲಾದರೆ ಬೈಯುವ ಮೊದಲು ಒಮ್ಮೆ ಬಾಯಿ ತೆರೆಸಿ ನೋಡಬೇಕೆಂಬ ಪಾಠವನ್ನು ಅವಳಿಂದ ಕಲಿತೆವು.

ಶಾಕಾಹಾರಿಗಳಿಗೂ ತಪ್ಪದ ಲಾಡಿಹುಳುವಿನ ಗೂಡು

ಗಲ್ಲ, ತುಟಿ, ನಾಲಿಗೆಗಳಲ್ಲಿ ಗೋಲಿಯಂತೆ ಗಟ್ಟಿಯಾದ, ನೋವಿಲ್ಲದ ಸಣ್ಣ ಗಂಟು ಕಾಣಿಸಿಕೊಂಡರೆ ಅದು ಹಂದಿಯ ಲಾಡಿಹುಳುವಿನ ಮರಿಯ ಗೂಡೂ ಆಗಿರಬಹುದು. ಇದಕ್ಕೆ ಸಿಸ್ಟಿಸರ್ಕೋಸಿಸ್ ಎನ್ನುತ್ತಾರೆ. ನಾವು ಮಾಂಸ ಮುಟ್ಟುವುದಿಲ್ಲ, ನಮಗೆ ಹೇಗೆ ಬಂತು ಎಂದು ಲಿಂಗವಂತ ಕುಟುಂಬದವರು ಆಶ್ಚರ್ಯದಿಂದ ಕೇಳುವುದುಂಟು. ಅರೆಬೆಂದ ಹಂದಿಮಾಂಸ ತಿಂದವರ ಕರುಳಿನಲ್ಲಿ ಹುಳು ಬೆಳೆಯುತ್ತದೆ. ಅಂಥವರ ಮಲದಲ್ಲಿ ಅದರ ಮೊಟ್ಟೆಗಳು ಹೊರಬರುತ್ತವೆ. ಬಯಲು ಶೌಚದಿಂದ ಆ ಮೊಟ್ಟೆಗಳು ಹೊಲದ ಸೊಪ್ಪು, ಗಜ್ಜರಿ, ಮೂಲಂಗಿ, ಕುಡಿಯುವ ನೀರುಗಳನ್ನು ಸೇರುತ್ತವೆ. ಅವನ್ನು ನುಂಗಿದವರ ದೇಹದಲ್ಲಿ ಮರಿಹುಳು ರಕ್ತದ ಮೂಲಕ ಸಾಗಿ ಮಾಂಸಖಂಡದಲ್ಲಿ, ಕೆಲವೊಮ್ಮೆ ಮಿದುಳಿನಲ್ಲಿ ಗೂಡು ಕಟ್ಟುತ್ತದೆ. ಹೀಗೆ ಇದು ಊಟದ ಪದ್ಧತಿಗಿಂತ ಊರಿನ ಸ್ವಚ್ಛತೆಗೆ ಸಂಬಂಧಿಸಿದ ರೋಗ.

ಅಲ್ಟ್ರಾಸೌಂಡ್ ಪರೀಕ್ಷೆಯಲ್ಲಿ ಚೀಲವೂ ಅದರೊಳಗೆ ಹುಳುವಿನ ತಲೆಯ ಚುಕ್ಕೆಯೂ ಕಾಣಿಸುತ್ತವೆ. ಬಾಯಿಯಲ್ಲಿ ಒಂದೇ ಗಂಟಿದ್ದರೆ ತೆಗೆದರೆ ಸಾಕು. ಆದರೆ ಹುಳುವಿನ ಗುಳಿಗೆಯನ್ನು ತಾವಾಗಿಯೇ ಕೊಂಡು ನುಂಗಬಾರದು. ಮಿದುಳಿನಲ್ಲಿಯೂ ಗೂಡುಗಳಿದ್ದರೆ, ಹುಳು ಸಾಯುವಾಗ ಅಲ್ಲಿ ಬಾವು ಬಂದು ಮೂರ್ಛೆ ಬರುವ ಅಪಾಯವಿದೆ. ತಲೆಯ ಸ್ಕ್ಯಾನ್, ಕಣ್ಣಿನ ಪರೀಕ್ಷೆಗಳಾದ ಮೇಲೆಯೇ ವೈದ್ಯರು ಔಷಧವನ್ನು ನಿರ್ಧರಿಸುತ್ತಾರೆ.

ಪರೀಕ್ಷೆಯ ಕ್ರಮ

ಮುಖದ ಬಾವಿನೊಂದಿಗೆ ಬಂದ ರೋಗಿಯನ್ನು ನಾವು ಈಗ ಒಂದು ನಿಯಮದಂತೆ ನೋಡುತ್ತೇವೆ. ಮೊದಲು ಬಾವಿನ ಕಥೆಯನ್ನು ಪೂರ್ತಿಯಾಗಿ ಕೇಳುವುದು: ಎಂದು ಬಂತು, ಏರಿಳಿತವಿದೆಯೇ, ಹಿಂದೆ ಯಾವ ಹಲ್ಲು ಕೀಳಿಸಿದ್ದರು. ಎರಡನೆಯದು, ಹೊರಗಿನಿಂದಲೂ ಬಾಯಿಯೊಳಗಿನಿಂದಲೂ ಬೆರಳಾಡಿಸಿ ನೋಡುವುದು. ಮೂರನೆಯದು, ಬಾವಿನ ಸುತ್ತಲಿನ ಪ್ರತಿಯೊಂದು ಹಲ್ಲಿಗೂ ತಂಪು ತಾಗಿಸಿ ಅಥವಾ ಸಣ್ಣ ವಿದ್ಯುತ್ ಯಂತ್ರದಿಂದ ಜೀವಂತಿಕೆಯನ್ನು ಪರೀಕ್ಷಿಸುವುದು. ನಾಲ್ಕನೆಯದು ಎಕ್ಸ್‌ರೇ, ಅವಶ್ಯವಿದ್ದರೆ ಸಿಟಿ ಸ್ಕ್ಯಾನ್. ಐದನೆಯದು, ಸೂಜಿಯಿಂದ ಒಳಗಿನದನ್ನು ಎಳೆದು ನೋಡುವುದು. ತಿಳಿಹಳದಿ ದ್ರವ ಸಾಮಾನ್ಯ ಸಿಸ್ಟನ್ನು, ಬಿಳಿಯ ಕೆನೆಯಂಥದು ಕೆರಟೋಸಿಸ್ಟನ್ನು ಸೂಚಿಸುತ್ತದೆ. ಬರಿಯ ರಕ್ತವೇ ರಭಸದಿಂದ ಬಂದರೆ ಅದು ರಕ್ತನಾಳದ ಗಂಟಿರಬಹುದು. ಅಲ್ಲಿಗೆ ನಿಲ್ಲಿಸಿ ದೊಡ್ಡ ಆಸ್ಪತ್ರೆಗೆ ಕಳುಹಿಸಬೇಕು.

ಕೊನೆಯದು ಬಯಾಪ್ಸಿ. ಬಯಾಪ್ಸಿ ಎಂದೊಡನೆ ಕ್ಯಾನ್ಸರ್ ಎಂದು ಹೆದರಿ ಮನೆಗೆ ಹೋಗಿಬಿಡುವವರಿದ್ದಾರೆ. ಬಯಾಪ್ಸಿ ಒಂದು ಪರೀಕ್ಷೆ ಮಾತ್ರ. ತೆಗೆದ ಚೀಲವನ್ನು ಸೂಕ್ಷ್ಮದರ್ಶಕದಲ್ಲಿ ನೋಡದೆ ಅದರ ಜಾತಿಯನ್ನು ಯಾರೂ ಖಚಿತವಾಗಿ ಹೇಳಲಾರರು. ನೋಡಲು ಸಿಸ್ಟಿನಂತೆಯೇ ಇರುವ ಅಮೆಲೋಬ್ಲಾಸ್ಟೋಮಾ ಎಂಬ ಗೆಡ್ಡೆಯೂ ಇದೆ. ಅದರ ಚಿಕಿತ್ಸೆಯೇ ಬೇರೆ. ಆದ್ದರಿಂದ ಶಸ್ತ್ರಚಿಕಿತ್ಸೆಯಾದವರು ಬಯಾಪ್ಸಿ ವರದಿಯನ್ನು ಕೇಳಿ ಪಡೆದು, ಎಕ್ಸ್‌ರೇಗಳೊಂದಿಗೆ ಜೋಪಾನವಾಗಿ ಇಟ್ಟುಕೊಳ್ಳಬೇಕು.

ಮಾಡಬಾರದ ಕೆಲಸಗಳು

ಬಾವಿಗೆ ಬಿಸಿ ಶಾಖ ಕೊಡುವುದು, ಸುಣ್ಣಬೆಲ್ಲದ ಪಟ್ಟು ಹಾಕುವುದು, ತಿಕ್ಕಿ ನೀವುವುದು, ಬರೆ ಹಾಕಿಸುವುದು, ಮುಳ್ಳಿನಿಂದಲೋ ಸೂಜಿಯಿಂದಲೋ ಚುಚ್ಚಿಕೊಳ್ಳುವುದು ಸಲ್ಲದು. ಔಷಧಿ ಅಂಗಡಿಯಿಂದ ತಾವೇ ಆಂಟಿಬಯಾಟಿಕ್, ಸ್ಟೀರಾಯ್ಡ್ ಗುಳಿಗೆಗಳನ್ನು ತಂದು ತಿಂಗಳುಗಟ್ಟಲೆ ನುಂಗುವುದೂ ಸಲ್ಲದು. ಎಕ್ಸ್‌ರೇ ಇಲ್ಲದೆ, ಪರೀಕ್ಷೆಯಿಲ್ಲದೆ ಹಲ್ಲು ಕೀಳಿಸಿಕೊಳ್ಳಲು ಒಪ್ಪಬಾರದು. "ಸಾಹೇಬ್ರ, ಈ ಹಲ್ಲು ಖರೇನ ಸತ್ತದ ಏನ್ರಿ?" ಎಂದು ಕೇಳುವ ಹಕ್ಕು ಪ್ರತಿಯೊಬ್ಬ ರೋಗಿಗೂ ಇದೆ. ಆ ಪ್ರಶ್ನೆಯನ್ನು ನಮ್ಮನ್ನೂ ಯಾರಾದರೂ ಕೇಳಿದ್ದರೆ ಆಳಂದದ ತಾಯಿಯ ಹಲ್ಲು ಉಳಿಯುತ್ತಿತ್ತು.

ಕೆಲವು ಲಕ್ಷಣಗಳಿಗೆ ಒಂದು ದಿನವೂ ಕಾಯಬಾರದು. ಬಾವಿನೊಂದಿಗೆ ಜ್ವರ, ಬಾಯಿ ತೆರೆಯಲಾಗದಿರುವುದು, ನುಂಗಲು ಅಥವಾ ಉಸಿರಾಡಲು ಕಷ್ಟ, ಕಣ್ಣು ಮುಚ್ಚುವಷ್ಟು ಊತ ಇದ್ದರೆ ಆ ರಾತ್ರಿಯೇ ಆಸ್ಪತ್ರೆಗೆ ಹೋಗಬೇಕು. ಕಾರಣವಿಲ್ಲದೆ ಹಲ್ಲು ಅಲುಗಾಡುವುದು, ಕೆಳದುಟಿ ಜೋಮು ಹಿಡಿಯುವುದು, 2 ವಾರಗಳಾದರೂ ಮಾಯದ ಬಾಯಿಹುಣ್ಣು, ಇವು ಕ್ಯಾನ್ಸರಿನ ಸೂಚನೆಯೂ ಆಗಿರಬಹುದು. ತಂಬಾಕು, ಗುಟ್ಕಾ ಸೇವಿಸುವವರಂತೂ ಇವನ್ನು ಕಡೆಗಣಿಸಲೇಬಾರದು.

ಎಲ್ಲಿಗೆ ಹೋಗಬೇಕು?

ಆಳಂದ, ಅಫಜಲಪುರ, ಜೇವರ್ಗಿಗಳ ಸರ್ಕಾರಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮೊದಲು ದಂತವೈದ್ಯರಿಗೆ ತೋರಿಸಬೇಕು. ಶಸ್ತ್ರಚಿಕಿತ್ಸೆ ಬೇಕಾದರೆ ಕಲಬುರಗಿಯಲ್ಲಿ ಜಿಮ್ಸ್ ಆಸ್ಪತ್ರೆ, ಇಎಸ್‌ಐಸಿ ವೈದ್ಯಕೀಯ ಸಂಸ್ಥೆ, ಎಚ್.ಕೆ.ಇ. ಸೊಸೈಟಿಯ ದಂತ ಕಾಲೇಜು, ಅಲ್-ಬದರ್ ದಂತ ಕಾಲೇಜುಗಳಿವೆ. ದಂತ ಕಾಲೇಜುಗಳಲ್ಲಿ ಬಾಯಿ, ದವಡೆ ಮತ್ತು ಮುಖದ ಶಸ್ತ್ರಚಿಕಿತ್ಸೆಯ ವಿಭಾಗವನ್ನು ಕೇಳಿಕೊಂಡು ಹೋಗಬೇಕು. ಗಡಿಯ ಹಳ್ಳಿಗಳವರು ರೂಢಿಯಂತೆ ಸೊಲ್ಲಾಪುರಕ್ಕೆ ಹೋದರೂ ಅಡ್ಡಿಯಿಲ್ಲ. ಹಳೆಯ ಎಕ್ಸ್‌ರೇ, ಚೀಟಿಗಳನ್ನು ಜೊತೆಗೆ ಒಯ್ಯಬೇಕು.

ಆಳಂದ, ಜೇವರ್ಗಿಗಳಿಂದ ಕಲಬುರಗಿ ಸುಮಾರು 40 ಕಿ.ಮೀ.; ಅಫಜಲಪುರದಿಂದ ಇನ್ನೂ ದೂರ. ಒಂದು ದಿನದ ಕೂಲಿ, ಬಸ್ಸಿನ ಖರ್ಚು, ಜೊತೆಗೊಬ್ಬರು ಎಲ್ಲ ಲೆಕ್ಕ ಹಾಕಿ ಬಡವರು ಮುಂದಿನ ತಿಂಗಳು ನೋಡೋಣವೆನ್ನುವುದು ನಮಗೆ ತಿಳಿಯದ ಸಂಗತಿಯಲ್ಲ. ಬಿಪಿಎಲ್ ಪಡಿತರ ಚೀಟಿಯಿದ್ದ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಡಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ನೆರವಿದೆ. ತಮ್ಮ ಚಿಕಿತ್ಸೆ ಅದರಲ್ಲಿ ಸೇರುತ್ತದೆಯೇ, ತಾಲ್ಲೂಕು ಆಸ್ಪತ್ರೆಯಿಂದ ಶಿಫಾರಸು ಪತ್ರ ಬೇಕೇ ಎಂಬುದನ್ನು ಆಸ್ಪತ್ರೆಯ ಆರೋಗ್ಯಮಿತ್ರರಲ್ಲಿ ಮೊದಲೇ ಕೇಳಿಕೊಂಡರೆ ಅಲೆದಾಟ ತಪ್ಪುತ್ತದೆ. ಊರಿನಿಂದ ಒಬ್ಬರು ಆಸ್ಪತ್ರೆಗೆ ಹೊರಟಾಗ ಅವರ ಜೊತೆಗೆ ಹೋಗುವುದು, ಅವರ ದನಕರುಗಳನ್ನು ಆ ಒಂದು ದಿನ ನೋಡಿಕೊಳ್ಳುವುದು ಸಹ ದಾಸೋಹವೇ.

ಹನ್ನೆರಡನೆಯ ಶತಮಾನದ ಶರಣರಲ್ಲಿ ವೈದ್ಯ ಕಾಯಕದ ಸಂಗಣ್ಣನವರೂ ಒಬ್ಬರು. ರೋಗವನ್ನು ಅರಿಯದೆ ಮದ್ದು ಕೊಡುವುದು ಆ ಕಾಯಕಕ್ಕೆ ಒಪ್ಪುವ ನಡೆಯಲ್ಲ ಎಂಬುದನ್ನು ಅವರ ಹೆಸರು ನೆನೆದಾಗಲೆಲ್ಲ ನಾವು ನಮಗೇ ಹೇಳಿಕೊಳ್ಳುತ್ತೇವೆ. ನಮ್ಮ ಚಿಕಿತ್ಸಾ ಕೊಠಡಿಯ ಮೇಜಿನ ಮೇಲೆ ಈಗ ಸದಾ ಮಂಜುಗಡ್ಡೆಯ ಒಂದು ಸಣ್ಣ ಡಬ್ಬಿ ಇರುತ್ತದೆ. ಸರದಿ ಎಷ್ಟೇ ಉದ್ದವಿರಲಿ, ಹಲ್ಲಿಗೆ ಯಂತ್ರ ತಾಗಿಸುವ ಮೊದಲು ಅದನ್ನು ತಾಗಿಸಿ, "ತಂಪು ಹತ್ತಿತೇನ್ರಿ?" ಎಂದು ಕೇಳುತ್ತೇವೆ. ಹೌದು ಎಂಬ ಉತ್ತರ ಬಂದರೆ ಆ ಹಲ್ಲಿನಿಂದ ಕೈ ತೆಗೆದು, ಬಾವಿನ ಮೂಲವನ್ನು ಬೇರೆಡೆ ಹುಡುಕುತ್ತೇವೆ.